ಒಂದೇ ಡಬ್ಬಿ, ಒಂಬತ್ತು ಕಂಪ್ಯೂಟರ್, 76 ರೂಪಾಯಿ ಕರೆಂಟ್

ಇದು ಮನೆ ಲ್ಯಾಬ್ ಬಗ್ಗೆ, ಅಂದರೆ ಕಲಿಯಲು ಮನೆಯಲ್ಲೇ ಇಟ್ಟುಕೊಳ್ಳುವ ಸರ್ವರ್ (ಹಗಲೂ ರಾತ್ರಿ ಓಡುತ್ತ ಬೇರೆ ಕಂಪ್ಯೂಟರ್‌ಗಳಿಗೆ ಸೇವೆ ಕೊಡುವ ಕಂಪ್ಯೂಟರ್) ಬಗ್ಗೆ, ನಾನು ಒಂದು ಸಭೆಯಲ್ಲಿ ಆಡಿದ ಮಾತು.

"ಮನೇಲಿ ಹಿಟ್ಟಿನ ಗಿರಣಿ ಇಟ್ಟಿದ್ದೀಯೇನೋ?" ನನ್ನ ಮೊದಲ ಸರ್ವರ್ ಆನ್ ಮಾಡಿ ಹತ್ತು ನಿಮಿಷ ಆಗಿರಲಿಲ್ಲ, ಅಡುಗೆಮನೆಯಿಂದ ಅಮ್ಮ ಕೇಳಿದ ಮಾತು ಇದು. ಅವರ ತಪ್ಪೇನೂ ಇರಲಿಲ್ಲ. ಅದು ಯಾವುದೋ ಆಫೀಸಿನವರು ಹೊರಗೆ ಹಾಕಿದ್ದ ರ‍್ಯಾಕ್ ಸರ್ವರ್. ಎರಡು ಪ್ರೊಸೆಸರ್, 64 ಜಿಬಿ ರ‍್ಯಾಮ್, ಆರು ಹಾರ್ಡ್ ಡಿಸ್ಕ್. ಗುಜರಿ ಲಾಟಿನಲ್ಲಿ 14,000 ರೂಪಾಯಿಗೆ ಸಿಕ್ಕಿತ್ತು. ಬೆಂಗಳೂರಿನಿಂದ ತುಮಕೂರಿಗೆ ಬಸ್ಸಿನಲ್ಲಿ ಲಗೇಜ್ ಟಿಕೆಟ್ ತೆಗೆಸಿ ತಂದಿದ್ದೆ. ಏಸಿ ಕೋಣೆಯಲ್ಲಿ ಇರಬೇಕಾದ ವಸ್ತುವನ್ನು ನಡುಮನೆಯಲ್ಲಿ ಇಟ್ಟಿದ್ದೆ. ಒಳಗಿನ ಸಣ್ಣ ಸಣ್ಣ ಫ್ಯಾನುಗಳು ಒಂದೊಂದೂ ಕುಕ್ಕರ್ ಸೀಟಿಯ ಹಾಗೆ ಕೂಗುತ್ತಿದ್ದವು.

ಸದ್ದನ್ನು ಹೇಗೋ ಸಹಿಸಿಕೊಂಡೆವು. ಬಿಲ್ಲನ್ನು ಸಹಿಸಲು ಆಗಲಿಲ್ಲ. ನಮ್ಮ ಮನೆಯಲ್ಲಿ ತಿಂಗಳಿಗೆ 95 ಯೂನಿಟ್ ಆಸುಪಾಸು ಖರ್ಚು. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆ ಆಗಿತ್ತು. ಈ ಸರ್ವರ್ ಏನೂ ಕೆಲಸ ಮಾಡದೆ ಸುಮ್ನೆ ಕೂತಿದ್ದಾಗಲೇ 160 ವ್ಯಾಟ್ ಎಳೆಯುತ್ತಿತ್ತು. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ, ಗುಣಿಸಿ ನೋಡಿ. 115 ಯೂನಿಟ್. 95ಕ್ಕೆ 115 ಸೇರಿಸಿದರೆ 210. ನಿಯಮ ನಿಮಗೆಲ್ಲ ಗೊತ್ತೇ ಇದೆ. ಮನೆಯ ಹಳೇ ಸರಾಸರಿಗೆ ಸ್ವಲ್ಪ ಸೇರಿಸಿ ಒಂದು ಮಿತಿ ಕೊಟ್ಟಿರುತ್ತಾರೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು ಕಟ್ಟಬೇಕು. ಹತ್ತು ಯೂನಿಟ್ ಜಾಸ್ತಿ ಆಗಿದ್ದಕ್ಕೆ 210 ಯೂನಿಟ್‌ನ ಬಿಲ್ಲು ಬಂತು. ಅಪ್ಪ ಏನೂ ಹೇಳಲಿಲ್ಲ. ಬಿಲ್ಲನ್ನು ತಂದು ಸರ್ವರ್ ಮೇಲೆ ಇಟ್ಟು ಹೋದರು.

ಹಸು ಕೊಳ್ಳುವವರು ಮೊದಲು ಮೇವಿನ ಲೆಕ್ಕ ಹಾಕುತ್ತಾರೆ. ನಾನು ಹಸುವಿನ ಬೆಲೆ ಮಾತ್ರ ನೋಡಿದ್ದೆ. ಇವತ್ತು ನಾನು ಹೇಳಲು ಬಂದಿರುವುದೇ ಈ ಮೇವಿನ ಲೆಕ್ಕ. ಮನೆ ಲ್ಯಾಬ್ ಅಂದರೆ ಒಂದು ಸಲ ದುಡ್ಡು ಕೊಟ್ಟು ಮುಗಿಯುವ ವ್ಯಾಪಾರ ಅಲ್ಲ. ಮೂರು ವರ್ಷ, ನಾಲ್ಕು ವರ್ಷ ಸಾಕಬೇಕು.

ಈಗ ನನ್ನ ಕೈಯಲ್ಲಿ ಇರುವುದನ್ನು ನೋಡಿ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಇದು ಬ್ಯಾಂಕು, ಆಫೀಸುಗಳಲ್ಲಿ ಮಾನಿಟರ್ ಹಿಂದೆ ಸಿಕ್ಕಿಸಿರುತ್ತಾರಲ್ಲ, ಆ ಪುಟ್ಟ ಡೆಸ್ಕ್‌ಟಾಪ್. ಪ್ರೊಸೆಸರ್ ಇಂಟೆಲ್‌ನ ಐ5-6500ಟಿ, ನಾಲ್ಕು ಕೋರ್, ಅಂದರೆ ಒಂದೇ ಚಿಪ್‌ನಲ್ಲಿ ಕೆಲಸ ಮಾಡುವ ನಾಲ್ಕು ಕೈ. ರ‍್ಯಾಮ್ 32 ಜಿಬಿ. ಇದರೊಳಗೆ ಒಂಬತ್ತು ಕಂಪ್ಯೂಟರ್ ಇವೆ. ಕಲಿಯೋದಕ್ಕೆ ಇಟ್ಟಿರುವ ಐದು ಸಂಜೆ ಮಾತ್ರ ಓಡುತ್ತವೆ, ಉಳಿದ ನಾಲ್ಕು ಹಗಲೂ ರಾತ್ರಿ. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಮೀಟರ್ ಇಟ್ಟು ಒಂದು ತಿಂಗಳು ಅಳೆದೆ. ಸರಾಸರಿ 15 ವ್ಯಾಟ್. ಹಿಂದೆ ರಾತ್ರಿ ಹಾಕುತ್ತಿದ್ದ ಜೀರೋ ಬಲ್ಬ್ ನೆನಪಿದೆಯಾ? ಹೆಸರಿಗೆ ಜೀರೋ, ಎಳೆಯುತ್ತಿದ್ದದ್ದು 12ರಿಂದ 15 ವ್ಯಾಟ್. ಅಷ್ಟೇ ಇದು. ತಿಂಗಳಿಗೆ 10.8 ಯೂನಿಟ್. ಯೂನಿಟ್‌ಗೆ ಎಲ್ಲ ಸೇರಿಸಿ 7 ರೂಪಾಯಿ ಅಂತ ಇಟ್ಟುಕೊಂಡರೆ 76 ರೂಪಾಯಿ. ಹಳೇ ಗಿರಣಿಗೆ ಅದೇ ದರದಲ್ಲಿ ತಿಂಗಳಿಗೆ 800ರ ಮೇಲೆ, ವರ್ಷಕ್ಕೆ ಹತ್ತು ಸಾವಿರದ ಹತ್ತಿರ. ಅಂದರೆ ಒಂದೂವರೆ ವರ್ಷದಲ್ಲಿ ಸರ್ವರ್‌ನ ಬೆಲೆಯನ್ನು ಕರೆಂಟಿಗೇ ಇನ್ನೊಂದು ಸಲ ಕೊಟ್ಟಂತೆ ಆಯಿತು.

ಒಂದು ಡಬ್ಬಿಯೊಳಗೆ ಒಂಬತ್ತು ಕಂಪ್ಯೂಟರ್ ಹೇಗೆ ಅಂತ ಇಲ್ಲಿ ಕೆಲವರಿಗೆ ಗೊತ್ತಿರುವುದಿಲ್ಲ. ನಾನು ಹುಟ್ಟಿದ್ದು ವಠಾರದಲ್ಲಿ. ಹನ್ನೊಂದು ಮನೆ, ಒಂದು ಬಾವಿ, ಒಂದೇ ಕಾಂಪೌಂಡು. ಪ್ರತಿ ಮನೆಗೂ ತನ್ನದೇ ಒಲೆ, ತನ್ನದೇ ಬೀಗ. ಒಬ್ಬರ ಮನೆಯಲ್ಲಿ ಸಾರು ಸೀದರೆ ಪಕ್ಕದವರಿಗೆ ವಾಸನೆ ಬರಬಹುದು, ಅವರ ಸಾರೇನೂ ಕೆಡುವುದಿಲ್ಲ. ವರ್ಚುವಲ್ ಮಷಿನ್ ಅಂದರೆ ವಠಾರದ ಒಂದು ಮನೆ. ಅದಕ್ಕೆ ತನ್ನದೇ ಆಪರೇಟಿಂಗ್ ಸಿಸ್ಟಂ, ತನ್ನದೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು). ಒಂದು ಮನೆಯಲ್ಲಿ ವಿಂಡೋಸ್, ಪಕ್ಕದ ಮನೆಯಲ್ಲಿ ಲಿನಕ್ಸ್. ಬಾವಿಯ ನೀರನ್ನು ಯಾರಿಗೆ ಯಾವಾಗ ಎಷ್ಟು ಕೊಡಬೇಕು ಅಂತ ನೋಡುವ ಮಾಲೀಕರು ಇರುತ್ತಾರಲ್ಲ, ಅವರೇ ಹೈಪರ್‌ವೈಸರ್.

ಕಂಟೈನರ್ ಅಂದರೆ ವಠಾರ ಅಲ್ಲ, ಕೂಡು ಕುಟುಂಬ. ಕೋಣೆ ಬೇರೆ ಬೇರೆ, ಅಡುಗೆಮನೆ ಒಂದೇ. ಆ ಅಡುಗೆಮನೆಯೇ ಕರ್ನಲ್. ಹತ್ತು ಒಲೆಗಳ ಖರ್ಚು ಇಲ್ಲ, ಹಾಗಾಗಿ ಕಂಟೈನರ್‌ಗೆ 256 ಎಂಬಿ, 512 ಎಂಬಿ ಕೊಟ್ಟರೂ ನೆಮ್ಮದಿಯಾಗಿ ಇರುತ್ತದೆ. ಆದರೆ ಅಡುಗೆಮನೆಗೆ ಬೀಗ ಬಿದ್ದರೆ ಎಲ್ಲರಿಗೂ ಉಪವಾಸ. ಲಿನಕ್ಸ್ ಅಡುಗೆಮನೆಯಲ್ಲಿ ವಿಂಡೋಸ್‌ನವರಿಗೆ ಎಲೆ ಹಾಕಲೂ ಆಗುವುದಿಲ್ಲ.

ಇದು ಹೊಸ ವಿದ್ಯೆ ಏನಲ್ಲ. ಐಬಿಎಂನವರು 1960ರ ದಶಕದಲ್ಲೇ ಮೇನ್‌ಫ್ರೇಮ್ ಅನ್ನುವ ಭಾರೀ ಕಂಪ್ಯೂಟರ್‌ಗಳಲ್ಲಿ ಇದನ್ನು ಮಾಡಿದ್ದರು. 1972ರಲ್ಲಿ ವಿಎಂ/370 ಅಂತ ಗ್ರಾಹಕರಿಗೇ ಬಿಡುಗಡೆ ಮಾಡಿದರು. ನಮ್ಮ ನಿಮ್ಮ ಮನೆಯ ಇಂಟೆಲ್ ಪ್ರೊಸೆಸರ್‌ಗಳು ಮಾತ್ರ ಇದಕ್ಕೆ ಸರಿಯಾಗಿ ಒಗ್ಗುತ್ತಿರಲಿಲ್ಲ. 1999ರಲ್ಲಿ ವಿಎಂವೇರ್‌ನವರು ಸಾಫ್ಟ್‌ವೇರ್ ಕಸರತ್ತಿನಿಂದ ಮಾಡಿ ತೋರಿಸಿದರು. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ಚಿಪ್‌ನೊಳಗೇ ಅನುಕೂಲ ಮಾಡಿಕೊಟ್ಟವು. 2007ರ ಫೆಬ್ರವರಿಯಲ್ಲಿ ಲಿನಕ್ಸ್ ಕರ್ನಲ್‌ಗೇ ಕೆವಿಎಂ ಅನ್ನುವ ಹೈಪರ್‌ವೈಸರ್ ಸೇರಿತು. ಅಲ್ಲಿಂದ ಇದು ಪುಕ್ಕಟೆ ಸಿಗುವ ವಸ್ತು.

ಈಗ ಸಂತೆಗೆ ಹೋಗೋಣ. ಈ ಡಬ್ಬಿಗಳು ಈಗ ಯಾಕೆ ಅಗ್ಗ? ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು ಇರಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸುಗಳಲ್ಲಿ 6ನೇ, 7ನೇ ಪೀಳಿಗೆಯ ಯಂತ್ರಗಳಿಗೆ ಬೇರೆ ಏನೂ ಕಾಯಿಲೆ ಇಲ್ಲ, ಆದರೂ ಹೊರಗೆ ಬೀಳುತ್ತಿವೆ. ನಮಗೆ ಬೇಕಾಗಿರುವುದು ಲಿನಕ್ಸ್. ಅದಕ್ಕೆ ಈ ತಕರಾರು ಯಾವುದೂ ಇಲ್ಲ. ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಈ ಮೂರು ಹೆಸರು ಬರೆದುಕೊಳ್ಳಿ. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಟಿ' ಇರಲಿ. 35 ವ್ಯಾಟ್‌ನ ಸಾಧು ಪ್ರಾಣಿ ಅಂತ ಅರ್ಥ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರಿಗೆ ಒಂದೆರಡು ಮಾತು. ಜೇಬಿನಲ್ಲಿ ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಇಟ್ಟುಕೊಂಡು ಹೋಗಿ. ಅಂಗಡಿಯವರು "ವರ್ಕಿಂಗ್ ಕಂಡೀಷನ್ ಸರ್" ಅನ್ನುತ್ತಾರೆ. ಮುಖಕ್ಕೆ ಹೊಡೆದ ಹಾಗೆ ಅನುಮಾನ ತೋರಿಸಬೇಡಿ. "ಒಂದು ಸಲ ಬೂಟ್ ಮಾಡಿ ನೋಡ್ತೀನಣ್ಣ" ಅನ್ನಿ. ಬಹಳ ಜನ ಬೇಡ ಅನ್ನುವುದಿಲ್ಲ. ಮೊದಲು ನೋಡಬೇಕಾದ್ದು ಬಯೋಸ್‌ಗೆ (ಕಂಪ್ಯೂಟರ್ ಆನ್ ಆದಾಗ ಎಲ್ಲಕ್ಕಿಂತ ಮೊದಲು ಏಳುವ, ಅದರ ಸೆಟ್ಟಿಂಗ್‌ಗಳಿರುವ ಪುಟ್ಟ ಸಾಫ್ಟ್‌ವೇರ್) ಪಾಸ್‌ವರ್ಡ್ ಇದೆಯಾ ಅಂತ. ಆಫೀಸಿನವರು ಹಾಕಿ ಹಾಗೇ ಬಿಟ್ಟಿರುತ್ತಾರೆ. ಇದ್ದರೆ ಎಷ್ಟೇ ಅಗ್ಗವಾದರೂ ಕೆಳಗೆ ಇಡಿ, ಯಾಕೆಂದರೆ ನಮಗೆ ಬೇಕಾದ ವರ್ಚುವಲೈಸೇಷನ್ ಸ್ವಿಚ್ ಇರುವುದೇ ಅದರೊಳಗೆ. ಎಷ್ಟೋ ಯಂತ್ರಗಳಲ್ಲಿ ಅದನ್ನು ಆಫ್ ಮಾಡಿರುತ್ತಾರೆ. ಆಮೇಲೆ ಎಸ್‌ಎಸ್‌ಡಿ ಅನ್ನುವ ಚಿಪ್ ಡಿಸ್ಕ್‌ನ 'ಸ್ಮಾರ್ಟ್' ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ, ನೋಡಿ, ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ ಅಂತ ಅದೇ ಹೇಳುತ್ತದೆ. ಮುಚ್ಚಳ ತೆಗೆಸಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆಯಾ ನೋಡಿ. ಕೊನೆಗೆ ಅಡಾಪ್ಟರ್. ಇದು ಕೈಕೊಡುವ ಜಾಗ. ಕೆಲವು ಯಂತ್ರಗಳು ತಮ್ಮ ಅಡಾಪ್ಟರ್‌ನ ಗುರುತು ಹಿಡಿಯುತ್ತವೆ. ಬೇರೆ ಯಾವುದೋ ಸಿಕ್ಕಿಸಿದರೆ ಓಡುತ್ತವೆ, ಆದರೆ ಪ್ರೊಸೆಸರ್ ವೇಗವನ್ನು ಕಟ್ಟಿಹಾಕಿ ತೆವಳುತ್ತವೆ. ನಾನು ಎರಡನೇ ಡಬ್ಬಿ ತಂದಾಗ ಒಂದು ವಾರ ಸಾಫ್ಟ್‌ವೇರನ್ನು ಬೈದುಕೊಂಡೆ. ತಪ್ಪು ಅಡಾಪ್ಟರ್‌ದು.

ಇದಕ್ಕೆ ನಾನು ಕೊಟ್ಟಿದ್ದು 9,500 ರೂಪಾಯಿ, 8 ಜಿಬಿ ರ‍್ಯಾಮ್ ಜೊತೆ. ರ‍್ಯಾಮ್ ಆಮೇಲೆ ಹಾಕಿಸಿದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ, ಎಐ ಡಾಟಾ ಸೆಂಟರ್‌ಗಳ ಹಸಿವು. ಹಾಗಾಗಿ ಈಗ ಕೊಳ್ಳುವವರು ಒಳಗೆ ಮೊದಲೇ 16 ಜಿಬಿ ಇರುವ ಡಬ್ಬಿ ಹುಡುಕಿ. ಒಂದೆರಡು ಸಾವಿರ ಜಾಸ್ತಿ ಕೇಳಿದರೂ ಕೊಡಿ.

ಯಾಕೆ ರ‍್ಯಾಮ್ ಮೇಲೆ ಇಷ್ಟು ಆಸೆ? ಪ್ರೊಸೆಸರ್ ಸಿಟಿ ಬಸ್ ಇದ್ದ ಹಾಗೆ. ನಲವತ್ತು ಸೀಟಿನ ಬಸ್ಸಿಗೆ ಎಂಬತ್ತು ಜನ ಹತ್ತಿದರೂ ಹೋಗುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಎಲ್ಲ ವರ್ಚುವಲ್ ಮಷಿನ್‌ಗಳೂ ಒಟ್ಟಿಗೆ ಪ್ರೊಸೆಸರ್ ಕೇಳುವುದಿಲ್ಲ. ನಾಲ್ಕು ಕೋರ್ ಇರುವ ಡಬ್ಬಿಯಲ್ಲಿ ಹನ್ನೆರಡು ಕೋರ್ ಹಂಚಿದರೂ ಕಲಿಕೆಗೆ ಏನೂ ತೊಂದರೆ ಇಲ್ಲ. ರ‍್ಯಾಮ್ ಮಾತ್ರ ಸ್ಲೀಪರ್ ಬಸ್. ಒಂದು ಬರ್ತ್‌ಗೆ ಒಬ್ಬರೇ. ಕಂಡಕ್ಟರ್ ಎಷ್ಟು ಹೊಂದಿಸಿದರೂ ಒಬ್ಬಿಬ್ಬರನ್ನು ಜಾಸ್ತಿ ಹತ್ತಿಸಬಹುದು, ಅಷ್ಟೇ. ನನ್ನ ಬರ್ತ್ ಚಾರ್ಟ್ ಹೀಗಿದೆ. ಹಲವು ಯಂತ್ರಗಳ ಮೇಲೆ ಕಂಟೈನರ್‌ಗಳನ್ನು ನಡೆಸುವ ಕುಬರ್ನೆಟೀಸ್ ಕಲಿಯಲು ಮೂರು ಲಿನಕ್ಸ್ ಮಷಿನ್, ತಲಾ 3 ಜಿಬಿ. ವಿಂಡೋಸ್ ಸರ್ವರ್ ಒಂದು, 4 ಜಿಬಿ. 180 ದಿನದ ಪರೀಕ್ಷಾ ಆವೃತ್ತಿ ಪುಕ್ಕಟೆ ಸಿಗುತ್ತದೆ, ಲೈಸೆನ್ಸ್ ಕದಿಯುವ ಕೆಲಸ ಬೇಡ. ನೆಟ್‌ವರ್ಕ್ ಕಾಯುವ ಫೈರ್‌ವಾಲ್‌ಗೆ 2. ಅಮ್ಮನ ಫೋಟೊಗಳಿಗೆ ಇಮ್ಮಿಚ್ ಇದೆ, ಅದು 4 ತಿನ್ನುತ್ತದೆ. ಮನೆಯ ಸಿನಿಮಾಗಳಿಗೆ ಜೆಲ್ಲಿಫಿನ್ 1. ಕೋಡ್ ಇಡಲು ಗಿಟಿಯಾ ಅರ್ಧ, ಟಿಪ್ಪಣಿಗೊಂದು ವಿಕಿ ಅರ್ಧ. ಒಟ್ಟು 21. ಮಾಲೀಕರಿಗೆ ಅಂತ 2. ಎಲ್ಲ ಒಟ್ಟಿಗೆ ಎದ್ದರೂ 23, ಇನ್ನೂ ಒಂಬತ್ತು ಬರ್ತ್ ಖಾಲಿ.

ಮಾಲೀಕರ ಜಾಗಕ್ಕೆ, ಅಂದರೆ ಹೈಪರ್‌ವೈಸರ್ ಆಗಿ, ನಾನು ಹಾಕಿರುವುದು ಪ್ರಾಕ್ಸ್‌ಮಾಕ್ಸ್. ಆಸ್ಟ್ರಿಯಾದ ವಿಯೆನ್ನಾದವರು ಮಾಡುತ್ತಾರೆ, 2008ರಿಂದ ಇದೆ. ಕೆಳಗೆ ಡೆಬಿಯನ್ ಲಿನಕ್ಸ್, ಮನೆಗಳಿಗೆ ಕೆವಿಎಂ, ಕಂಟೈನರ್ ಅನ್ನುವ ಕೋಣೆಗಳಿಗೆ ಎಲ್‌ಎಕ್ಸ್‌ಸಿ. ಮೊದಲು ಮನೆ ಲ್ಯಾಬ್ ಅಂದರೆ ವಿಎಂವೇರ್‌ನ ಹೈಪರ್‌ವೈಸರ್ ಇಎಸ್‌ಎಕ್ಸ್‌ಐ ಅಂತಲೇ ಇತ್ತು. 2023ರ ನವೆಂಬರ್‌ನಲ್ಲಿ ವಿಎಂವೇರನ್ನು ಬ್ರಾಡ್‌ಕಾಮ್ ಕೊಂಡಿತು. 2024ರ ಫೆಬ್ರವರಿಯಲ್ಲಿ ಪುಕ್ಕಟೆ ಇಎಸ್‌ಎಕ್ಸ್‌ಐ ನಿಂತುಹೋಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಅಷ್ಟರಲ್ಲಿ ಜನ ಮನೆ ಬದಲಿಸಿ ಆಗಿತ್ತು. ನಿಮ್ಮ ಕೆಲಸದ ಜಾಗದಲ್ಲಿ ವಿಎಂವೇರ್ ಇದ್ದರೆ ಅದನ್ನೂ ಕಲಿಯಿರಿ, ಬೇಡ ಅನ್ನುವುದಿಲ್ಲ. ಪ್ರಾಕ್ಸ್‌ಮಾಕ್ಸ್ ಒಳಗೇ ಇನ್ನೊಂದು ಹೈಪರ್‌ವೈಸರ್ ಹಾಕಿ ಆಟ ಆಡಬಹುದು, ವಠಾರದೊಳಗೊಂದು ವಠಾರ.

ಹಾಕಿದ ಮೇಲೆ ಪ್ರತಿ ಸಲ ಲಾಗಿನ್ ಆದಾಗ "ನಿಮಗೆ ಚಂದಾ ಇಲ್ಲ" ಅಂತ ಒಂದು ಚೀಟಿ ಬರುತ್ತದೆ. ಹೆದರಬೇಡಿ. ಚಂದಾ ಇಲ್ಲದವರ ರೆಪಾಸಿಟರಿ (ಸಾಫ್ಟ್‌ವೇರ್ ಇಡುವ ಉಗ್ರಾಣ) ಅಂತಲೇ ಬೇರೆ ಇದೆ, ಅಪ್‌ಡೇಟ್‌ಗೆ ಅದನ್ನು ಆರಿಸಿಕೊಂಡರೆ ಆಯಿತು.

ಡಿಸ್ಕ್ ವಿಷಯಕ್ಕೆ ಬಂದಾಗ ಎಲ್ಲರೂ ಝಡ್‌ಎಫ್‌ಎಸ್ (ಡಿಸ್ಕ್‌ನಲ್ಲಿ ಮಾಹಿತಿ ಜೋಡಿಸಿಡುವ ಒಂದು ವ್ಯವಸ್ಥೆ) ಅಂತ ಹಾರುತ್ತಾರೆ. ಒಳ್ಳೆಯದೇ. ಆದರೆ ಅದು ರ‍್ಯಾಮ್ ತಿನ್ನುತ್ತದೆ. ಪ್ರಾಕ್ಸ್‌ಮಾಕ್ಸ್‌ನ ಹಳೇ ಆವೃತ್ತಿಗಳಲ್ಲಿ ಅರ್ಧದವರೆಗೂ ತಿನ್ನುತ್ತಿತ್ತು, ಈಗ ಹೊಸದಾಗಿ ಹಾಕಿದರೆ ಹತ್ತನೇ ಒಂದು ಭಾಗಕ್ಕೆ ಕಡಿವಾಣ ಹಾಕಿದ್ದಾರೆ. ಒಂದೇ ಡಿಸ್ಕ್, ಕಡಿಮೆ ರ‍್ಯಾಮ್ ಇರುವವರು ಪ್ರಾಕ್ಸ್‌ಮಾಕ್ಸ್ ತಾನಾಗಿ ಕೊಡುವ ಎಲ್‌ವಿಎಂ-ಥಿನ್ ಅನ್ನುವ ವ್ಯವಸ್ಥೆ ಇಟ್ಟುಕೊಳ್ಳಿ ಸಾಕು. ಈ ಥಿನ್ ಅನ್ನುವುದರ ಕಥೆ ಕೇಳಿ. ನನ್ನ 240 ಜಿಬಿ ಎಸ್‌ಎಸ್‌ಡಿಯಲ್ಲಿ ಮಷಿನ್‌ಗಳಿಗೆ ಅಂತ ಉಳಿದದ್ದು ಸುಮಾರು 140 ಜಿಬಿ. ನಾನು ನಾಲ್ಕು ಮಷಿನ್‌ಗೆ ತಲಾ 80 ಬರೆದುಕೊಟ್ಟೆ. ಅದು ತಕರಾರು ಮಾಡುವುದಿಲ್ಲ, ಒಂದು ಎಚ್ಚರಿಕೆ ಸಾಲು ತೋರಿಸಿ ಸುಮ್ಮನಾಗುತ್ತದೆ. ಬಳಸಿದಷ್ಟೇ ಜಾಗ ಹೋಗುವುದರಿಂದ ಆರು ತಿಂಗಳು ಚೆನ್ನಾಗಿತ್ತು. ಏಳನೇ ತಿಂಗಳು ಒಂದು ರಾತ್ರಿ ಎಲ್ಲವೂ ಒಟ್ಟಿಗೆ ನಿಂತುಬಿಟ್ಟವು. ಒಳಗೆ ಹೋಗಿ ನೋಡಿದರೆ ಪ್ರತಿ ಮಷಿನ್ನೂ "ನನ್ನಲ್ಲಿ ಇನ್ನೂ 50 ಜಿಬಿ ಖಾಲಿ ಇದೆ" ಅನ್ನುತ್ತಿತ್ತು. ಹೊರಗೆ ಪೂಲ್, ಅಂದರೆ ಎಲ್ಲ ಮಷಿನ್‌ಗಳೂ ಹಂಚಿಕೊಳ್ಳುವ ಆ 140 ಜಿಬಿ, ತುಂಬಿತ್ತು. ಒಳಗೆ ಫೈಲ್ ಅಳಿಸಿದರೂ ಆ ಜಾಗ ಖಾಲಿಯಾಯಿತು ಅಂತ ಹೊರಗಿನವರಿಗೆ ಯಾರೂ ಹೇಳಿರಲಿಲ್ಲ. ಡಿಸ್ಕ್ ಸೇರಿಸುವಾಗ 'ಡಿಸ್ಕಾರ್ಡ್' ಅಂತ ಒಂದು ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಒಳಗಿನ ಲಿನಕ್ಸ್‌ನಲ್ಲಿ ವಾರಕ್ಕೊಮ್ಮೆ ಟ್ರಿಮ್ ಓಡಲಿ, ಖಾಲಿಯಾದ ಜಾಗವನ್ನು ಹೊರಗೆ ಹೇಳುವುದು ಅದೇ. ಒಂದು ಟಿಕ್‌ಗೆ ನಾನು ಒಂದು ರಾತ್ರಿ ನಿದ್ದೆ ಕೊಟ್ಟೆ.

ಕರೆಂಟ್ ಹೋದರೆ? ನಮ್ಮ ಊರುಗಳಲ್ಲಿ ಇದೇ ಮೊದಲ ಪ್ರಶ್ನೆ. ವಿದೇಶದವರ ವಿಡಿಯೊ ನೋಡಿದರೆ ದೊಡ್ಡ ಯುಪಿಎಸ್ ತೋರಿಸುತ್ತಾರೆ. ನಮ್ಮ ಮನೆಗಳಲ್ಲಿ ಆಗಲೇ ಇನ್ವರ್ಟರ್ ಇದೆ. 150 ಎಎಚ್ ಬ್ಯಾಟರಿ, 12 ವೋಲ್ಟ್, ಲೆಕ್ಕಕ್ಕೆ 1,800 ವ್ಯಾಟ್-ಅವರ್. ಅರ್ಧವೇ ಕೈಗೆ ಸಿಗುತ್ತದೆ ಅಂದರೂ 900. ಸೀಲಿಂಗ್ ಫ್ಯಾನ್ ಒಂದೇ 75 ವ್ಯಾಟ್ ತಿನ್ನುವಾಗ ಈ 15 ವ್ಯಾಟ್‌ನ ಡಬ್ಬಿ ಯಾವ ಲೆಕ್ಕ? ಇನ್ವರ್ಟರ್ ಮೇಲೆ ಅಥವಾ ಹಿಂದೆ ಒಂದು ಸ್ವಿಚ್ ಇರುತ್ತದೆ, 'ಯುಪಿಎಸ್' ಮತ್ತು 'ಇಕೊ' ಅಂತ. ಇಕೊದಲ್ಲಿ ಇದ್ದರೆ ಕರೆಂಟ್ ಹೋದಾಗ ಫ್ಯಾನ್‌ಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ಯುಪಿಎಸ್ ಕಡೆ ತಿರುಗಿಸಿ. ಬಯೋಸ್‌ನಲ್ಲಿ ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಸೆಟ್ಟಿಂಗ್ ಹಾಕಿ.

ಇಲ್ಲೊಂದು ಉಪಾಯ ಹೇಳುತ್ತೇನೆ. ಮನೆ ಇನ್ವರ್ಟರ್‌ಗೆ ಸಾಮಾನ್ಯವಾಗಿ ಯುಎಸ್‌ಬಿ ಇರುವುದಿಲ್ಲ. "ಕರೆಂಟ್ ಹೋಗಿದೆ, ಮುಚ್ಚಿಕೊ" ಅಂತ ಅದು ಕಂಪ್ಯೂಟರ್‌ಗೆ ಹೇಳಲಾರದು. ನಾನು ಏನು ಮಾಡಿದೆ ಅಂದರೆ, ಇನ್ವರ್ಟರ್ ಲೈನ್ ಇಲ್ಲದ ಬಚ್ಚಲುಮನೆ ಪಕ್ಕದ ಸಾಕೆಟ್‌ಗೆ ಒಂದು ವೈಫೈ ಸ್ಮಾರ್ಟ್ ಪ್ಲಗ್ ಸಿಕ್ಕಿಸಿದೆ. ಕರೆಂಟ್ ಹೋದರೆ ಅದು ಸಾಯುತ್ತದೆ. ರೌಟರ್ ಇನ್ವರ್ಟರ್ ಮೇಲೆ ಬದುಕಿರುತ್ತದೆ. ಡಬ್ಬಿ ನಿಮಿಷಕ್ಕೊಮ್ಮೆ ಆ ಪ್ಲಗ್‌ಗೆ ಪಿಂಗ್ ಮಾಡುತ್ತದೆ, ಅಂದರೆ "ಇದ್ದೀಯಾ?" ಅಂತ ಕೇಳುತ್ತದೆ. ಎರಡು ಗಂಟೆ ಉತ್ತರ ಬರದೇ ಹೋದರೆ ಎಲ್ಲ ಮಷಿನ್‌ಗಳನ್ನೂ ಸರಿಯಾಗಿ ಮಲಗಿಸಿ ತಾನೂ ಮಲಗುತ್ತದೆ. ಹತ್ತು ಸಾಲಿನ ಸ್ಕ್ರಿಪ್ಟ್. ಒಂದು ಸಲ ಅಮ್ಮ ವಾಷಿಂಗ್ ಮಷಿನ್‌ಗೆ ಅಂತ ಆ ಪ್ಲಗ್ ಕಿತ್ತಿಟ್ಟಿದ್ದರು. ನಾನು ಬೆಂಗಳೂರಿನಲ್ಲಿ ಕೂತು ಊರಲ್ಲಿ ಕರೆಂಟ್ ಇಲ್ಲ ಅಂದುಕೊಂಡಿದ್ದೆ. ಈಗ ಅದರ ಮೇಲೆ ಕೆಂಪು ಟೇಪ್ ಸುತ್ತಿದೆ.

ಎರಡನೇ ಡಬ್ಬಿ ತಂದ ಮೇಲೆ ಆಸೆ ಶುರುವಾಯಿತು, ಎರಡನ್ನೂ ಸೇರಿಸಿ ಕ್ಲಸ್ಟರ್ ಮಾಡಬೇಕು ಅಂತ. ಮಾಡಿದೆ. ಕರೆಂಟ್ ಉಳಿಸಲು ರಾತ್ರಿ ಒಂದನ್ನು ಆಫ್ ಮಾಡಿದೆ. ಬೆಳಿಗ್ಗೆ ಇನ್ನೊಂದರಲ್ಲಿ ಹೊಸ ಮಷಿನ್ ಶುರು ಮಾಡಲು ಹೋದರೆ ಆಗುವುದಿಲ್ಲ ಅಂತು. ಯಂತ್ರ ಸರಿ ಇದೆ, ಡಿಸ್ಕ್ ಸರಿ ಇದೆ. ಇಲ್ಲದ್ದು ಕೋರಂ. ನಿಮ್ಮ ಊರಿನ ಗ್ರಾಮಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋಗಿದ್ದು ನೋಡಿಲ್ವಾ? ಅದೇ ಕೋರಂ, ಅದೇ ಪದ. ಕ್ಲಸ್ಟರ್‌ನಲ್ಲಿ ಏನೇ ಬದಲಾವಣೆ ಆಗಬೇಕಾದರೂ ಅರ್ಧಕ್ಕಿಂತ ಜಾಸ್ತಿ ಮತ ಬೇಕು. ಇಬ್ಬರೇ ಇದ್ದಾಗ ಅರ್ಧಕ್ಕಿಂತ ಜಾಸ್ತಿ ಅಂದರೆ ಇಬ್ಬರೂ. ಒಬ್ಬ ಮಲಗಿದರೆ ಇನ್ನೊಬ್ಬನ ಕೈ ಕಟ್ಟಿದ ಹಾಗೆ. ಇದು ಮೊಂಡುತನ ಅಲ್ಲ. ನಡುವಿನ ಕೇಬಲ್ ಕಿತ್ತುಹೋಗಿ ಇಬ್ಬರೂ "ಅವನು ಸತ್ತ, ಇನ್ನು ನಾನೇ ಯಜಮಾನ" ಅಂತ ಒಂದೇ ಮಷಿನ್ನನ್ನು ಎರಡು ಕಡೆ ಓಡಿಸಿದರೆ ಒಳಗಿನ ಮಾಹಿತಿ ಕಲಸುಮೇಲೋಗರ ಆಗುತ್ತದೆ. ಅದನ್ನು ತಪ್ಪಿಸಲು ಈ ಕಟ್ಟುನಿಟ್ಟು. ಮೂರನೇ ಮತಕ್ಕೆ ಇನ್ನೊಂದು ದೊಡ್ಡ ಯಂತ್ರ ಬೇಕಿಲ್ಲ. ರಾಸ್‌ಬೆರಿ ಪೈ ಅನ್ನುವ ಹಳೇ ಪುಟ್ಟ ಕಂಪ್ಯೂಟರ್ ಮೇಲೆ ಕ್ಯೂಡಿವೈಸ್ ಅಂತ ಹಾಕಿದರೆ ಅದು ಮತ ಹಾಕಲು ಮಾತ್ರ ಬರುವ ಸದಸ್ಯ. ಆದರೂ ನನ್ನ ಸಲಹೆ ಕೇಳಿದರೆ, ಮೊದಲ ವರ್ಷ ಕ್ಲಸ್ಟರ್ ಬೇಡ. ಎರಡು ಡಬ್ಬಿ ಇದ್ದರೆ ಎರಡೂ ಬೇರೆ ಬೇರೆ ಇರಲಿ, ಒಂದು ಇನ್ನೊಂದರ ಬ್ಯಾಕಪ್ ಇಟ್ಟುಕೊಳ್ಳಲಿ.

ಬ್ಯಾಕಪ್ ಅಂದೆನಲ್ಲ. ಸ್ನ್ಯಾಪ್‌ಶಾಟ್ (ಮಷಿನ್ ಆ ಕ್ಷಣ ಹೇಗಿತ್ತೋ ಹಾಗೇ ಗುರುತಿಟ್ಟುಕೊಳ್ಳುವುದು) ತೆಗೆದು ಬ್ಯಾಕಪ್ ಆಯಿತು ಅಂದುಕೊಳ್ಳುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ ಬಿಡಿ, ನಾನೂ ಇದ್ದೆ. ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕ್ ಮೇಲೆ. ಹೊಸ ಪ್ರಯೋಗ ಮಾಡುವ ಮುಂಚೆ ಒಂದು ತೆಗೆದುಕೊಳ್ಳಿ, ಕೆಟ್ಟರೆ ಒಂದು ಕ್ಲಿಕ್‌ಗೆ ವಾಪಸ್ ಬನ್ನಿ, ಅದಕ್ಕೆ ಅದರಷ್ಟು ಸುಖ ಬೇರೆ ಇಲ್ಲ. ಆದರೆ ಡಿಸ್ಕ್ ಸತ್ತರೆ ಸ್ನ್ಯಾಪ್‌ಶಾಟೂ ಜೊತೆಗೆ ಸಾಯುತ್ತದೆ. ನನ್ನ ಎಸ್‌ಎಸ್‌ಡಿ ಸತ್ತದ್ದು ಒಂದು ಭಾನುವಾರ. ಮುನ್ಸೂಚನೆ ಇಲ್ಲ, ಸದ್ದಿಲ್ಲ. ಹಾರ್ಡ್ ಡಿಸ್ಕ್ ಆದರೂ ಸಾಯುವ ಮುಂಚೆ ಟಕಟಕ ಅನ್ನುತ್ತಿತ್ತು. ಕುಬರ್ನೆಟೀಸ್ ಹೋದದ್ದಕ್ಕೆ ನನಗೆ ಬೇಸರ ಆಗಲಿಲ್ಲ, ಅದು ಮತ್ತೆ ಕಟ್ಟಲಿಕ್ಕೇ ಇರುವುದು. ಅಮ್ಮನ ತಂಗಿಯ ಮದುವೆಯ ಫೋಟೊಗಳನ್ನು ಆಲ್ಬಮ್‌ನಿಂದ ಒಂದೊಂದೇ ಸ್ಕ್ಯಾನ್ ಮಾಡಿದ್ದೆ, ಮೂರು ರಜೆ ಕೂತು. ಅವು ಹೋದವು. ಆಲ್ಬಮ್ ಇದೆ, ಮತ್ತೆ ಸ್ಕ್ಯಾನ್ ಮಾಡಿದೆ. ಚಿಕ್ಕಮ್ಮ ಇವತ್ತಿಗೂ ತಮಾಷೆ ಮಾಡುತ್ತಾರೆ, "ನಿನ್ನ ಕಂಪ್ಯೂಟರ್‌ಗಿಂತ ನನ್ನ ಟ್ರಂಕೇ ವಾಸಿ ಕಣೋ" ಅಂತ.

ಈಗ ಹೀಗೆ ಮಾಡುತ್ತೇನೆ. ಪ್ರತಿ ರಾತ್ರಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್‌ಗೆ ಹೋಗುತ್ತದೆ, ಅದು ಎರಡನೇ ಡಬ್ಬಿಯಲ್ಲಿ ಇದೆ. ಬದಲಾದ ತುಣುಕುಗಳನ್ನು ಮಾತ್ರ ಸೇರಿಸಿಕೊಳ್ಳುವುದರಿಂದ ಜಾಗ ಹೆಚ್ಚು ತಿನ್ನುವುದಿಲ್ಲ. ಫೋಟೊಗಳು ಮಾತ್ರ ತಿಂಗಳಿಗೊಮ್ಮೆ ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್‌ಗೆ, ಅಂಥದ್ದೇ ಇನ್ನೊಂದು ಡಿಸ್ಕ್ ಅಕ್ಕನ ಮನೆಯಲ್ಲಿ ಇರುತ್ತದೆ. ಹಬ್ಬಕ್ಕೆ ಹೋದಾಗ ಬದಲಿಸಿಕೊಂಡು ಬರುತ್ತೇನೆ. ತಿಂಗಳ ಮೊದಲ ಭಾನುವಾರ ಯಾವುದಾದರೂ ಒಂದು ಮಷಿನ್ನನ್ನು ಬೇರೆ ನಂಬರ್ ಕೊಟ್ಟು ಬ್ಯಾಕಪ್‌ನಿಂದ ಎಬ್ಬಿಸಿ ನೋಡುತ್ತೇನೆ. ನೆಟ್‌ವರ್ಕ್ ಕಾರ್ಡ್ ಕಿತ್ತು ಎಬ್ಬಿಸಬೇಕು, ಇಲ್ಲದಿದ್ದರೆ ಒಂದೇ ವಿಳಾಸದ ಇಬ್ಬರು ಜಗಳ ಆಡುತ್ತಾರೆ. ಈ ಹುಡುಕಾಟದಲ್ಲೇ ಗೊತ್ತಾಗಿದ್ದು, ವಿಕಿಯ ಬ್ಯಾಕಪ್ ಎರಡು ತಿಂಗಳಿಂದ ತೆಗೆದೇ ಇರಲಿಲ್ಲ ಅಂತ. ಹೊಸ ಮಷಿನ್ ಮಾಡಿದಾಗ ಪಟ್ಟಿಗೆ ಸೇರಿಸಲು ಮರೆತಿದ್ದೆ. ಈಗ ಪಟ್ಟಿಯಲ್ಲಿ 'ಎಲ್ಲವೂ' ಅಂತ ಹಾಕಿ, ಬೇಡದ್ದನ್ನು ಮಾತ್ರ ಹೊರಗಿಟ್ಟಿದ್ದೇನೆ.

ನೆಟ್‌ವರ್ಕ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹೊರಗಿನಿಂದ ಲ್ಯಾಬ್ ತಲುಪಬೇಕು ಅಂತ ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಗೆ ಬರುವ ಬಾಗಿಲು, ತೆರೆಯಬೇಡಿ. ಪ್ರಾಕ್ಸ್‌ಮಾಕ್ಸ್‌ನ 8006ನೇ ಪೋರ್ಟನ್ನು ಇಂಟರ್‌ನೆಟ್‌ಗೆ ತೋರಿಸುವುದು ಅಂದರೆ ಮನೆ ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟ ಹಾಗೆ. ಹೇಗೂ ನಮ್ಮಲ್ಲಿ ಬಹಳ ಮನೆಗಳಿಗೆ ಸ್ವಂತ ಐಪಿ ವಿಳಾಸ ಸಿಗುವುದಿಲ್ಲ, ನೂರಾರು ಗ್ರಾಹಕರಿಗೆ ಒಂದೇ ವಿಳಾಸ ಹಂಚಿರುತ್ತಾರೆ. ತೆರೆದರೂ ಕೆಲಸ ಮಾಡುವುದಿಲ್ಲ. ನಿಮ್ಮ ಯಂತ್ರಗಳ ನಡುವೆ ಮಾತ್ರ ಗುಪ್ತ ದಾರಿ ಮಾಡಿಕೊಡುವ ಟೇಲ್‌ಸ್ಕೇಲ್ ಹಾಕಿಕೊಳ್ಳಿ, ಅದರೊಳಗೆ ಇರುವುದು ವೈರ್‌ಗಾರ್ಡ್ ಅನ್ನುವ ವಿಪಿಎನ್. ಫೋನಿನಿಂದಲೇ ಮನೆಯ ಡಬ್ಬಿ ಮುಟ್ಟಬಹುದು.

ಇನ್ನೊಂದು ಮಾತು ಮರೆತಿದ್ದೆ. ಮನೆಯವರಿಗೆ ಬೇಕಾದ ವಸ್ತುವನ್ನು ನೀವು ಕೆಡಿಸಿ ಕಲಿಯುವ ಡಬ್ಬಿಯಲ್ಲಿ ಇಡಬೇಡಿ. ಜಾಹೀರಾತು ತಡೆಯುತ್ತದೆ ಅಂತ ಇಡೀ ಮನೆಯ ಡಿಎನ್‌ಎಸ್ಸನ್ನು (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಕೆಲಸ) ಲ್ಯಾಬ್‌ನ ಒಂದು ಕಂಟೈನರ್‌ಗೆ ಕೊಟ್ಟಿದ್ದೆ. ಕರ್ನಲ್ ಅಪ್‌ಡೇಟ್ ಆಗಿ ಡಬ್ಬಿ ರೀಸ್ಟಾರ್ಟ್ ಮಾಡಿದೆ. ಅಪ್ಪ ಟಿವಿಯಲ್ಲಿ ಐಪಿಎಲ್ ನೋಡುತ್ತಿದ್ದರು, ಕೊನೇ ಓವರ್. ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ. ಡಿಎನ್‌ಎಸ್ ಈಗ ಆ ರಾಸ್‌ಬೆರಿ ಪೈ ಮೇಲೆ ಇದೆ, ಅದನ್ನು ನಾನು ಮುಟ್ಟುವುದೇ ಇಲ್ಲ.

ಪ್ರಶ್ನೆಗಳ ಸಮಯದಲ್ಲಿ ಒಬ್ಬರು ಕೇಳಿದರು, ಕ್ಲೌಡ್‌ನಲ್ಲೇ ಬಾಡಿಗೆಗೆ ತೆಗೆದುಕೊಂಡರೆ ಆಗಲ್ವಾ ಅಂತ. ಆಗುತ್ತದೆ. ಎರಡು ಗಂಟೆಯ ಪ್ರಯೋಗಕ್ಕೆ ಕ್ಲೌಡೇ ಅಗ್ಗ. ಆದರೆ ಅಲ್ಲಿ ಮಷಿನ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಸೇತುವೆ ಹೇಗೆ ಕಟ್ಟುತ್ತಾರೆ, ಡಿಸ್ಕ್ ಪೂಲ್ ತುಂಬಿದರೆ ಏನಾಗುತ್ತದೆ, ಕೋರಂ ಯಾಕೆ ಬೇಕು, ಇದನ್ನೆಲ್ಲ ಅವರು ನಿಮ್ಮಿಂದ ಮುಚ್ಚಿಟ್ಟಿರುತ್ತಾರೆ. ದುಡ್ಡು ತೆಗೆದುಕೊಳ್ಳುವುದೇ ಅದಕ್ಕೆ.

ಹಿಂದಿನ ಸಾಲಿನ ಹುಡುಗಿ ಕೇಳಿದ್ದು ನನಗೆ ಇಷ್ಟವಾಯಿತು. "ಸರ್, 9,500 ರೂಪಾಯಿ ನನ್ನ ಹತ್ರ ಇಲ್ಲ. ಅಣ್ಣನ ಹಳೇ ಲ್ಯಾಪ್‌ಟಾಪ್ ಇದೆ, ಸ್ಕ್ರೀನ್ ಒಡೆದಿದೆ, 8 ಜಿಬಿ." ಅದು ಒಳ್ಳೆಯ ಲ್ಯಾಬ್. ಸ್ಕ್ರೀನ್ ಬೇಕಾಗುವುದು ಪ್ರಾಕ್ಸ್‌ಮಾಕ್ಸ್ ಹಾಕುವ ದಿನ ಮಾತ್ರ, ಅವತ್ತು ಟಿವಿಗೆ ಎಚ್‌ಡಿಎಂಐ ಸಿಕ್ಕಿಸಿ. ಆಮೇಲೆ ಎಲ್ಲ ಬ್ರೌಸರ್‌ನಿಂದಲೇ ನಡೆಯುತ್ತದೆ. ಬ್ಯಾಟರಿ ಇನ್ನೂ ಜೀವ ಹಿಡಿದಿದ್ದರೆ ಯುಪಿಎಸ್ ಪುಕ್ಕಟೆ. ಉಬ್ಬಿದ್ದರೆ ಮಾತ್ರ ತೆಗೆಸಿಬಿಡಿ, ಅಡಾಪ್ಟರ್ ಮೇಲೆ ಓಡಲಿ. ಮುಚ್ಚಳ ಮುಚ್ಚಿದರೆ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್‌ನಲ್ಲಿ ಹೇಳಬೇಕು. 8 ಜಿಬಿಯಲ್ಲಿ ವಿಂಡೋಸ್ ಆಸೆ ಬಿಡಿ, ಕಂಟೈನರ್ ಆರೇಳು ಮತ್ತು ಒಂದು ಸಣ್ಣ ಲಿನಕ್ಸ್ ಮಷಿನ್ ಆರಾಮಾಗಿ ಇರುತ್ತವೆ. ಒಂದೇ ಕಷ್ಟ ವೈಫೈ. ಒಂದು ವೈಫೈ ಕಾರ್ಡ್ ಹಿಂದೆ ಹತ್ತು ಮಷಿನ್‌ಗಳು ತಮ್ಮ ತಮ್ಮ ಹೆಸರಿನಲ್ಲಿ ನಿಂತರೆ ರೌಟರ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಲ್ಯಾನ್ ಕೇಬಲ್ ಬೇಕು. ರೌಟರ್ ಹಾಲ್‌ನಲ್ಲಿದೆ, ಅವಳ ಕೋಣೆ ಮಹಡಿ ಮೇಲೆ ಅಂತ ಹೇಳಿದಳು. ಹಾಗಿದ್ದರೆ ಲ್ಯಾಪ್‌ಟಾಪನ್ನೇ ಹಾಲ್‌ಗೆ ತಂದು ಟಿವಿ ಸ್ಟ್ಯಾಂಡ್ ಹಿಂದೆ ಇಡು ಅಂದೆ. ಅದರಲ್ಲಿ ಸದ್ದಿಲ್ಲ, ಅಮ್ಮನಿಗೆ ಗೊತ್ತಾಗುವುದೂ ಇಲ್ಲ.